ಲಿನಕ್ಸ್ ಮಿಂಟ್ ಇನ್‌ಸ್ಟಾಲ್ ಮಾಡುವಾಗ ಹಳೆಯ ಕಂಪ್ಯೂಟರ್ ಅರ್ಧಕ್ಕೇ ಆರಿಹೋಗುತ್ತಿದೆ

ಪ್ರಶ್ನೆ:
ಎಲ್ಲರಿಗೂ ಶರಣು. ಕಲಬುರಗಿಯಲ್ಲಿರುವ ನಮ್ಮ ಕಾಕಾ ಅವರ ದಾಲ್ ಮಿಲ್ಲಿನಲ್ಲಿ ಲೆಕ್ಕಪತ್ರಕ್ಕೆಂದು ಇಟ್ಟಿದ್ದ ಕಂಪ್ಯೂಟರನ್ನು ತಂಗಿಯ ಓದಿಗಾಗಿ ಮನೆಗೆ ತಂದಿದ್ದೇನೆ. ಕೋರ್ ಟು ಡ್ಯೂಯೊ ಇ7500 ಪ್ರೊಸೆಸರ್ ಮತ್ತು 4 ಜಿಬಿ ರ‍್ಯಾಮ್ ಇದೆ. ಅದರಲ್ಲಿದ್ದ ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿಯಲ್ಲೇ ಮುಗಿದಿರುವುದರಿಂದ ಅದರ ಬದಲಿಗೆ ಉಚಿತ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಮಿಂಟ್ 22ರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಹಾಕಲು ಹೊರಟೆ. ಪೆನ್‌ಡ್ರೈವ್‌ನಿಂದ ಬೂಟ್ ಆಗಿ ಡೆಸ್ಕ್‌ಟಾಪ್ ಕಾಣುತ್ತದೆ. ಆದರೆ ಕಡತಗಳು ನಕಲಾಗುತ್ತಿರುವಾಗ ಯಾವ ಸಂದೇಶವೂ ಇಲ್ಲದೆ ಕಂಪ್ಯೂಟರ್ ಒಮ್ಮೆಲೇ ಆರಿಹೋಗುತ್ತದೆ. ಕೂಡಲೇ ಮತ್ತೆ ಹಚ್ಚಿದರೆ ಎರಡೇ ನಿಮಿಷ ನಿಲ್ಲುತ್ತದೆ. ಪೆನ್‌ಡ್ರೈವ್ ಬದಲಿಸಿದೆ, ಮಿಂಟ್ ಇನ್‌ಸ್ಟಾಲ್ ಮಾಡಲು ಬೇಕಾದ ಐಎಸ್‌ಒ ಕಡತವನ್ನು ಮತ್ತೊಮ್ಮೆ ಇಳಿಸಿಕೊಂಡೆ, ಪ್ರಯೋಜನವಾಗಲಿಲ್ಲ. ಹಳೆಯ ಯಂತ್ರಕ್ಕೆ ಲಿನಕ್ಸ್ ಒಗ್ಗುವುದಿಲ್ಲ ಎಂದು ರಿಪೇರಿ ಅಂಗಡಿಯವರು ಹೇಳುತ್ತಿದ್ದಾರೆ.

ಉತ್ತರ:
ಶರಣು. ಇ7500 ಎಂಬುದು 64 ಬಿಟ್ ಪ್ರೊಸೆಸರ್. ಮಿಂಟ್ 22ಕ್ಕೆ ಕನಿಷ್ಠ 2 ಜಿಬಿ ರ‍್ಯಾಮ್ ಸಾಕು. ಆದ್ದರಿಂದ ಆ ಮಾತನ್ನು ನಾನು ಒಪ್ಪುವುದಿಲ್ಲ. ಐಎಸ್‌ಒ ಕೆಟ್ಟಿದ್ದರೆ ಇನ್‌ಸ್ಟಾಲರ್ ದೋಷ ತೋರಿಸುತ್ತದೆ ಅಥವಾ ಅಲ್ಲೇ ನಿಂತುಬಿಡುತ್ತದೆ, ಕರೆಂಟ್ ಕಡಿದಂತೆ ಯಂತ್ರ ಆರುವುದಿಲ್ಲ. ತಣಿಯಲು ಬಿಟ್ಟಾಗ ಹೆಚ್ಚು ಹೊತ್ತು, ಕೂಡಲೇ ಹಚ್ಚಿದಾಗ ಕಡಿಮೆ ಹೊತ್ತು ನಡೆಯುವುದು ಪ್ರೊಸೆಸರ್ ಅತಿಯಾಗಿ ಬಿಸಿಯಾಗುತ್ತಿರುವುದರ ಲಕ್ಷಣ. ಕಾವು ಮಿತಿ ಮೀರಿದರೆ ತಾನು ಸುಟ್ಟುಹೋಗದಂತೆ ಪ್ರೊಸೆಸರ್ ತಾನೇ ಯಂತ್ರವನ್ನು ನಿಲ್ಲಿಸುತ್ತದೆ. ಬಯೋಸ್‌ನ (ಕಂಪ್ಯೂಟರ್ ಹಚ್ಚಿದ ಕೂಡಲೇ ತೆರೆಯಬಹುದಾದ ಸೆಟ್ಟಿಂಗ್‌ಗಳ) ಹಾರ್ಡ್‌ವೇರ್ ಮಾನಿಟರ್ ಪುಟದಲ್ಲಿ ಐದು ನಿಮಿಷ ಸಿಪಿಯು ಉಷ್ಣಾಂಶವನ್ನು ಗಮನಿಸಿ ತಿಳಿಸಿರಿ. ದಾಲ್ ಮಿಲ್ಲಿನಲ್ಲಿದ್ದ ಯಂತ್ರವೆಂದ ಮೇಲೆ ಫ್ಯಾನಿನ ಅಡಿಯನ್ನು ನೋಡಲೇಬೇಕು.

ಪ್ರಶ್ನೆ ಕೇಳಿದವರು:
ಆರಂಭದಲ್ಲಿ 68 ಡಿಗ್ರಿ ಇದ್ದದ್ದು ಐದು ನಿಮಿಷಕ್ಕೆ 93ಕ್ಕೆ ಏರಿತು. ಕ್ಯಾಬಿನೆಟ್ ತೆರೆದರೆ ಫ್ಯಾನಿನ ಕೆಳಗೆ ತೊಗರಿ ಹೊಟ್ಟಿನ ದೂಳು ಕಂಬಳಿಯಂತೆ ಹೆಪ್ಪುಗಟ್ಟಿದೆ. ಪ್ರೊಸೆಸರಿನ ಕಾವನ್ನು ಹೀರುವ ಲೋಹದ ಹೀಟ್‌ಸಿಂಕಿನ ಒಂದು ಪಿನ್ ಕೂಡ ಮೇಲೆದ್ದಿದೆ.

ಉತ್ತರ:
ಕಾರಣ ಅದೇ. ವಿದ್ಯುತ್ ತಂತಿಯನ್ನು ಕಿತ್ತ ಮೇಲೆ ನಾಲ್ಕೂ ಪಿನ್ನುಗಳ ತಲೆಯನ್ನು ಬಾಣದ ಗುರುತಿನ ದಿಕ್ಕಿಗೆ ತಿರುಗಿಸಿ ಮೇಲೆತ್ತಿದರೆ ಹೀಟ್‌ಸಿಂಕ್ ಸಡಿಲವಾಗುತ್ತದೆ. ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವೆ ಕಾವು ಸಾಗಿಸಲು ಹಚ್ಚಿದ್ದ ಹಳೆಯ ಥರ್ಮಲ್ ಪೇಸ್ಟ್ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಜಗ್ಗದೆ, ನಿಧಾನವಾಗಿ ಅತ್ತಿತ್ತ ಹೊರಳಿಸಿ ಬಿಡಿಸಿರಿ. ದೂಳನ್ನು ಒಣ ಬ್ರಷ್‌ನಿಂದಲೂ ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಹತ್ತಿಯಿಂದಲೂ ತೆಗೆಯಿರಿ. ಹೊಸ ಥರ್ಮಲ್ ಪೇಸ್ಟ್ ಒಂದು ತೊಗರಿ ಕಾಳಿಗಿಂತ ಹೆಚ್ಚಾಗಬಾರದು. ಪಿನ್ನುಗಳ ತಲೆಯನ್ನು ಮೊದಲಿನ ಸ್ಥಾನಕ್ಕೆ ತಿರುಗಿಸಿಟ್ಟು, ಒಂದು ಮೂಲೆಯದಾದ ಮೇಲೆ ಅದರ ಎದುರು ಮೂಲೆಯದನ್ನು, ಟಕ್ಕೆಂದು ಕೂಡುವವರೆಗೆ ಒತ್ತಬೇಕು. ಬೋರ್ಡಿನ ಹಿಂಬದಿಯಲ್ಲಿ ನಾಲ್ಕೂ ಪಿನ್ನುಗಳ ತುದಿ ಪೂರ್ತಿ ಹೊರಬಂದಿದೆಯೇ ಎಂದು ನೋಡುವುದನ್ನು ದಯವಿಟ್ಟು ಬಿಡಬೇಡಿರಿ, ಏಕೆಂದರೆ ಬಹಳಷ್ಟು ಜನ ತಪ್ಪುವುದು ಇಲ್ಲಿಯೇ.

ಪ್ರಶ್ನೆ ಕೇಳಿದವರು:
ತಾವು ಹೇಳಿದಂತೆಯೇ ಮಾಡಿದೆ. ಈಗ ಬಯೋಸ್‌ನಲ್ಲಿ 51 ಡಿಗ್ರಿ ಇದೆ. ಇನ್‌ಸ್ಟಾಲ್ ಒಂದೇ ಸಲಕ್ಕೆ ಮುಗಿಯಿತು, ಪೆನ್‌ಡ್ರೈವ್ ತೆಗೆದ ಮೇಲೂ ಮಿಂಟ್ ಸರಿಯಾಗಿ ಬೂಟ್ ಆಗುತ್ತಿದೆ. ತುಂಬಾ ಉಪಕಾರವಾಯಿತು.

ಉತ್ತರ:
ಸಂತೋಷ. ಕ್ಯಾಬಿನೆಟನ್ನು ನೆಲದ ಮೇಲಿಡದೆ ಒಂದು ಸ್ಟೂಲಿನ ಮೇಲಿಡಿರಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಕೋಣೆಯೇ ಕಾಯುವುದರಿಂದ ಬೇಸಿಗೆಗೆ ಮುನ್ನ ಇನ್ನೊಮ್ಮೆ ದೂಳು ತೆಗೆಯಿರಿ.