ಸುಮ್ನ ಕುಂತ್ರೂ ಹಸಿವ್ಯಾಕ?

ಪ್ರಶ್ನೆ: ಕಲಬುರಗಿ ಬಿಸಿಲಾಗ ಮನ್ಯಾಗೇ ಕುಂತೋರಿಗೂ ಹೊತ್ತಿಗೆ ಸರಿಯಾಗಿ ಹಸಿವಾಗ್ತದ. ಉಂಡಿದ್ದು ಎಲ್ಲಿ ಹೋಗ್ತದರೀ?

ಉತ್ತರ: ಕುಂತ್ರೂ ಖರ್ಚು ನಿಲ್ಲಂಗಿಲ್ರೀ. ದಿನದ ಶಕ್ತಿಯಾಗ ಸುಮಾರು ಶೇ. 60–70 ಉಸಿರು, ಹೃದಯ, ಲಿವರ್, ಮೈಕಾವಿಗೇ ಬೇಕು. ಮಿದುಳು ತೂಕದಾಗ ಶೇ. 2, ಆದ್ರ ವಿಶ್ರಾಂತಿ ಖರ್ಚಿನಾಗ ಶೇ. 20 ಅದರದು! ಅರಗಿಸಾಕ ದಿನದ ಶಕ್ತಿಯಾಗ ಶೇ. 10.

ಉತ್ತರ: 50 ಗ್ರಾಂ ಜ್ವಾಳದ ಹಿಟ್ಟಿನ ರೊಟ್ಟಿಗೆ ಸುಮಾರು 170 ಕ್ಯಾಲೊರಿ. ಅದರ ಪಿಷ್ಟ ಗ್ಲೂಕೋಸ್ ಆಗಿ, ಉಳಿದದ್ದು ಗ್ಲೈಕೋಜನ್ (ಮೈ ಕೂಡಿಟ್ಟ ಗ್ಲೂಕೋಸ್) ಆಗಿ ಕೂಡ್ತದ: ಒಟ್ಟು ದಾಸ್ತಾನು ಲಿವರ್‌ನಾಗ 100 ಗ್ರಾಂ, ಸ್ನಾಯುವಿನಾಗ 400 ಗ್ರಾಂ ಆಸುಪಾಸು. ಸ್ನಾಯುವಿಂದು ಅಲ್ಲೇ ಖರ್ಚು, ರಕ್ತಕ್ಕ ಮರಳಂಗಿಲ್ಲ. ರಾತ್ರಿ ಮಿದುಳಿಗೆ ಗ್ಲೂಕೋಸ್ ಕೊಡೋದು ಲಿವರ್, ಮುಂಜಾನಿಗೆ ಅದರ ದಾಸ್ತಾನು ಕಡಿಮಿ ಆಗಿರ್ತದ. ಅದಕ್ಕೇ ಖಾಲಿ ಹೊಟ್ಟ್ಯಾಗ ತೊಗರಿ ರಾಶಿಗೆ ಹೋದ್ರ ಮೈ ಲಗೂನ ಸೋಲ್ತದ.

ಉತ್ತರ: ಬ್ಯಾಸಗಿ ಸುಸ್ತೆಲ್ಲಾ ಹಸಿವಲ್ಲ. ಬೆವರಿನಾಗ ನೀರು, ಉಪ್ಪು ಹೋಗಿರ್ತಾವ. ಮೊದ್ಲು ಉಪ್ಪು ಹಾಕಿದ ಮಜ್ಜಿಗಿ ಕುಡೀರಿ.