ಬೋನ್ ಮ್ಯಾರೋ ಟೆಸ್ಟ್: ಸೂಜಿ ಬೆನ್ನುಹುರಿಗೆ ತಾಗಲ್ವಾ?

ಮಲ್ನಾಡ್_ಹುಡುಗ
ಅಪ್ಪನಿಗೆ 68. ಪ್ಲೇಟ್‌ಲೆಟ್ ಇಳೀತಾನೇ ಇದೆ, ಕಾರಣ ಗೊತ್ತಾಗ್ತಿಲ್ಲ. ಸೋಮವಾರ ಬೋನ್ ಮ್ಯಾರೋ ಟೆಸ್ಟ್ ಇದೆ. ಪಕ್ಕದ ಮನೆಯವ್ರು ಬಂದು "ಬೆನ್ನಿಗೆ ಚುಚ್ತಾರೆ, ಕಾಲು ಬಿದ್ದುಹೋಗುತ್ತೆ" ಅಂದಾಗಿಂದ ಅಪ್ಪ ಸರಿಯಾಗಿ ಊಟ ಮಾಡ್ತಿಲ್ಲ. ಎದೆಮೂಳೆಯಿಂದಲೂ ತೆಗೀತಾರಂತೆ, ನಿಜವಾ?

ಸ್ಲೈಡ್_ಸರೋಜ
ನಾನು ಲ್ಯಾಬ್ ಟೆಕ್ನಿಷಿಯನ್. ಟೆಸ್ಟ್ ನಡೆಯುವಾಗ ಮಂಚದ ಪಕ್ಕ ಸ್ಲೈಡ್ ಜೋಡಿಸ್ಕೊಂಡು ನಿಂತಿರ್ತೀನಿ, ಯಾಕಂದ್ರೆ ಮಜ್ಜೆ ಬೇಗ ಹೆಪ್ಪುಗಟ್ಟುತ್ತೆ.

ಬೆನ್ನುಹುರಿಗೂ ಇದಕ್ಕೂ ಸಂಬಂಧ ಇಲ್ಲ. ಚುಚ್ಚೋದು ಸೊಂಟದ ಹಿಂಭಾಗದ ಮೂಳೆಗೆ, ಬೆಲ್ಟ್‌ಗಿಂತ ಸ್ವಲ್ಪ ಕೆಳಗೆ ಕೈಗೆ ಗಟ್ಟಿಯಾಗಿ ಸಿಗುತ್ತಲ್ಲ, ಅಲ್ಲಿ. ಸಾಮಾನ್ಯವಾಗಿ ಬಳಸೋದು ಜಮ್ಶೀದಿ ಸೂಜಿ. 1971ರಲ್ಲಿ ಇರಾನ್ ಮೂಲದ ಡಾಕ್ಟರ್ ಖೋಸ್ರೋ ಜಮ್ಶೀದಿ ಇದನ್ನ ಪರಿಚಯಿಸಿದ್ರು. ತುದಿ ಕಿರಿದು, ಒಳಗೆ ಅಗಲ. ಹಾಗಾಗಿ ಕತ್ತರಿಸಿದ ಮೂಳೆಯ ಎಳೆ ಜಜ್ಜಿಹೋಗದೆ ಒಳಗೇ ನಿಲ್ಲುತ್ತೆ. ಒಳಹೋಗುವಾಗ ಕೊಳವೆ ಕಟ್ಟಿಕೊಳ್ಳದಿರಲಿ ಅಂತ ಮಧ್ಯೆ ಸ್ಟೈಲೆಟ್ ಅನ್ನೋ ಒಂದು ಸಣ್ಣ ಸರಳು ಇರುತ್ತೆ.

ಎದೆಮೂಳೆಯಿಂದ ತೆಗೆಯೋದು ನಿಜ, ಆದ್ರೆ ಈಗ ಕಡಿಮೆ. ಆ ಮೂಳೆ ತೆಳು, ಹಿಂದೆಯೇ ಹೃದಯ. ಅದಕ್ಕೇ ಅಲ್ಲಿ ಬಳಸೋ ಸಾಲಾ ಅನ್ನೋ ಸೂಜಿಗೆ ಸರಿಸಿ ಬಿಗಿಮಾಡೋ ಒಂದು ಗಾರ್ಡ್ ಇರುತ್ತೆ, ಅದು ಚರ್ಮಕ್ಕೆ ತಾಗಿದ್ಮೇಲೆ ಸೂಜಿ ಮುಂದೆ ಹೋಗಲ್ಲ. ಅಲ್ಲಿಂದ ಮಜ್ಜೆಯ ದ್ರವ ಮಾತ್ರ, ಮೂಳೆ ತುಂಡು ತೆಗೆಯಲ್ಲ.

ನೋವೇ ಆಗಲ್ಲ ಅಂತ ಅಪ್ಪನಿಗೆ ಹೇಳ್ಬೇಡಿ. ಚರ್ಮಕ್ಕೆ, ಮೂಳೆಯ ಮೇಲ್ಪದರಕ್ಕೆ ಮರಗಟ್ಟಿಸೋ ಇಂಜೆಕ್ಷನ್ ಕೊಡ್ತಾರೆ, ಆದ್ರೆ ಸಿರಿಂಜ್‌ನಲ್ಲಿ ಮಜ್ಜೆ ಎಳೆಯೋ ಕ್ಷಣದ ನೋವಿಗೆ ಅದು ಕೆಲಸ ಮಾಡಲ್ಲ. ತೊಡೆವರೆಗೂ ಝುಂ ಅನ್ನುತ್ತೆ, ಕೆಲವೇ ಸೆಕೆಂಡು. ಮುಂಚೆ ಗೊತ್ತಿದ್ರೆ ಅವ್ರು ಬೆಚ್ಚಿ ಅಲುಗಾಡಲ್ಲ.

ನೈಟ್‌ಶಿಫ್ಟ್_ನರ್ಸ್
ನಮ್ಮ ಎಮರ್ಜೆನ್ಸೀಲಿ ಬ್ಯಾಟರಿ ಡ್ರಿಲ್ ಇದೆ. ಅದನ್ನ ನೋಡಿದವ್ರೂ ಹೀಗೇ ಹೆದರ್ತಾರೆ! ಅದು ಬೇರೆ: ರಕ್ತನಾಳ ಸಿಗದೇ ಇದ್ದಾಗ ಮೊಣಕಾಲ ಕೆಳಗಿನ ಮೂಳೆ ಮೂಲಕ ಔಷಧಿ ಕೊಡೋಕೆ. ಈಜಿ-ಐಒ ಅನ್ನೋ ಆ ಡ್ರಿಲ್‌ನಲ್ಲಿ ಸೂಜಿ 15, 25, 45 ಮಿ.ಮೀ.; ಗುಲಾಬಿ, ನೀಲಿ, ಹಳದಿ. ಬಣ್ಣ ನೋಡಿಯೇ ಎತ್ಕೋತೀವಿ.

ಮಲ್ನಾಡ್_ಹುಡುಗ
ಅಪ್ಪನಿಗೆ ಓದಿ ಹೇಳ್ದೆ. "ಸೊಂಟಕ್ಕಾದ್ರೆ ಪರ್ವಾಗಿಲ್ಲ" ಅಂದ್ರು. ಪ್ಲೇಟ್‌ಲೆಟ್ ಕಡಿಮೆ ಇದ್ರೆ ರಕ್ತ ನಿಲ್ಲುತ್ತಾ?

ಸ್ಲೈಡ್_ಸರೋಜ
ಅದೊಂದೇ ಕಾರಣಕ್ಕೆ ಟೆಸ್ಟ್ ಬಿಡೋದು ಅಪರೂಪ. ಜಾಸ್ತಿ ಹೊತ್ತು ಒತ್ತಿ ಹಿಡೀತಾರೆ, ಆಮೇಲೆ ಅಂಗಾತ ಮಲಗಿಸ್ತಾರೆ, ದೇಹದ ಭಾರವೇ ಒತ್ತುತ್ತೆ. ಆಸ್ಪಿರಿನ್ ಅಥವಾ ರಕ್ತ ತೆಳುಮಾಡೋ ಮಾತ್ರೆ ಏನಾದ್ರೂ ತಗೊಳ್ತಿದ್ರೆ ಸೋಮವಾರಕ್ಕೆ ಕಾಯ್ಬೇಡಿ, ಇವತ್ತೇ ಡಾಕ್ಟರ್‌ಗೆ ಫೋನ್ ಮಾಡಿ.