ನೆನಪು ಸರಿಯಿದೆ, ಸ್ವಭಾವ ಮಾತ್ರ ಬದಲಾಗಿದೆ: ಇದೂ ಡಿಮೆನ್ಶಿಯಾನಾ?

ಪ್ರಶ್ನೆ: ನಮ್ಮ ಮನೆಯವರಿಗೆ ವಯಸ್ಸು 56, ಸರ್ಕಾರಿ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ. ಎರಡು ವರ್ಷದಿಂದ ಆಳೇ ಬೇರೆ. ಮನೆಯಲ್ಲಿ ಯಾರಿಗೆ ಜ್ವರ ಬಂದರೂ ಲಕ್ಷ್ಯವಿಲ್ಲ, ಸಾವಿನ ಮನೆಯಲ್ಲಿ ಜೋರಾಗಿ ನಗು, ಮೈಸೂರು ಪಾಕಿನ ಡಬ್ಬಿ ಕೂತಲ್ಲೇ ಖಾಲಿ. ದಾರಿ, ಹೆಸರು, ತಾರೀಕು ಎಲ್ಲ ನೆನಪಿದೆ. ನೆನಪಿನ ಪರೀಕ್ಷೆಯಲ್ಲಿ 30ಕ್ಕೆ 28 ಬಂದಿದೆ. ಇದು ಖಿನ್ನತೆಯೇ?

ಉತ್ತರ 1: 28 ಬಂತೆಂದು ಸುಮ್ಮನಾಗಬೇಡಿ. ಆ ಪರೀಕ್ಷೆ ನೋಡುವುದು ನೆನಪು, ಭಾಷೆ, ಲೆಕ್ಕವನ್ನು; ನಡವಳಿಕೆಯನ್ನಲ್ಲ. ನೀವು ಬರೆದಿರುವುದು ಫ್ರಂಟೋಟೆಂಪೊರಲ್ ಡಿಮೆನ್ಶಿಯಾ ಎಂಬ ಮೆದುಳಿನ ಕಾಯಿಲೆಯ ಚಿತ್ರಕ್ಕೆ ತುಂಬ ಹತ್ತಿರ. ಹೆಚ್ಚಾಗಿ 45ರಿಂದ 65ರ ನಡುವೆ ಶುರುವಾಗುತ್ತೆ. ಮೆದುಳಿನ ಮುಂಭಾಗ ಸವೆಯುವುದರಿಂದ ಸಂಕೋಚ, ಅನುಕಂಪ ಮೊದಲು ಹೋಗುತ್ತವೆ, ಮರೆವು ಆಮೇಲೆ. ಖಿನ್ನತೆಯಲ್ಲಿ ಸಾಮಾನ್ಯವಾಗಿ ಒಳಗೊಳಗೇ ಸಂಕಟವಿರುತ್ತೆ, ಇಲ್ಲಿ "ನನಗೇನೂ ಆಗಿಲ್ಲ" ಅಂತಾರೆ.

ನ್ಯೂರಾಲಜಿಸ್ಟ್ ಬಳಿ ಹೋಗುವಾಗ ಹತ್ತು ವರ್ಷದಿಂದ ಅವರನ್ನು ಬಲ್ಲವರೊಬ್ಬರು ಜೊತೆಗಿರಲಿ, ವೈದ್ಯರೊಡನೆ ಪ್ರತ್ಯೇಕವಾಗಿ ಮಾತಾಡಲಿ. "ಸಿಟ್ಟು ಜಾಸ್ತಿ" ಅಂದರೆ ಸಾಲದು. "ಮೊದಲು ಅತಿಥಿಗೆ ಬಡಿಸಿ ತಾನು ಉಣ್ಣುತ್ತಿದ್ದರು, ಈಗ ಅತಿಥಿಯ ತಟ್ಟೆಗೇ ಕೈ ಹಾಕುತ್ತಾರೆ" ಎಂದು ಬರೆದುಕೊಂಡು ಹೋಗಿ. ಎಂಆರ್‌ಐ ಜೊತೆಗೆ ಥೈರಾಯ್ಡ್, ಬಿ12, ಸೋಡಿಯಂ ಪರೀಕ್ಷೆಯೂ ಬೇಕು.

ಉತ್ತರ 2: ಔಷಧಿ ವಿಚಾರ. ಆಲ್ಝೈಮರ್‌ಗೆ ಕೊಡುವ ಡೊನೆಪೆಜಿಲ್ ಇದಕ್ಕೆ ಕೆಲಸ ಮಾಡಲ್ಲ, ಕೆಲವರಲ್ಲಿ ಚಡಪಡಿಕೆ ಹೆಚ್ಚಿಸುತ್ತೆ. ಸರ್ಟ್ರಾಲಿನ್‌ನಂಥ ಖಿನ್ನತೆಯ ಮಾತ್ರೆಗಳು ಕೆಲವರ ನಡವಳಿಕೆಯನ್ನು ಸ್ವಲ್ಪ ಹತೋಟಿಗೆ ತರಬಹುದು. ಸುಮ್ಮನಿರಿಸಲು ಆಂಟಿಸೈಕೋಟಿಕ್ (ತೀವ್ರ ಮನೋರೋಗಕ್ಕೆ ಕೊಡುವ ಔಷಧಿ) ಕೇಳಬೇಡಿ: ಡಿಮೆನ್ಶಿಯಾ ಇರುವ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚಿಸುತ್ತವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಸಿದೆ. ಬೇರೆ ದಾರಿಯೇ ಇಲ್ಲದಾಗ, ಕಡಿಮೆ ಪ್ರಮಾಣದಲ್ಲಿ, ವೈದ್ಯರ ಕಣ್ಗಾವಲಿನಲ್ಲಿ ಮಾತ್ರ.

ಇನ್ನೊಂದು: ಸ್ವಭಾವ ಎರಡು ವರ್ಷದಲ್ಲಲ್ಲ, ಎರಡು ದಿನದಲ್ಲಿ ಬದಲಾದರೆ ಅದು ಡೆಲಿರಿಯಂ (ದಿಢೀರನೆ ಬರುವ ಮಾನಸಿಕ ಗೊಂದಲ) ಇರಬಹುದು. ಮೂತ್ರದ ಸೋಂಕು, ಮಲಬದ್ಧತೆ, ಹೊಸ ಮಾತ್ರೆ, ಶೀತಕ್ಕೆ ಕೊಡುವ ನಿದ್ದೆ ಬರಿಸುವ ಮಾತ್ರೆ ಕೂಡ ಕಾರಣ ಆಗಬಹುದು. ಅವತ್ತೇ ತೋರಿಸಿ.

ಉತ್ತರ 3: ಮನೆಯಲ್ಲಿ ಬೈದು, ತಿಳಿಹೇಳಿ ಪ್ರಯೋಜನವಿಲ್ಲ. ತಡೆಯುವ ಭಾಗವೇ ಸವೆದಿದೆ, ಹಟ ಅಲ್ಲ. ಸಿಹಿ ಕಣ್ಣಿಗೆ ಬೀಳದಿರಲಿ, ಎರಡೇ ತುಂಡು ತಟ್ಟೆಯಲ್ಲಿಟ್ಟು ಕೊಡಿ. ಯುಪಿಐ ಮಿತಿ ಇಳಿಸಿ. ಅವರು ಒಪ್ಪಿ ಸಹಿ ಹಾಕುವ ಸ್ಥಿತಿಯಲ್ಲಿರುವಾಗಲೇ ಖಾತೆಯನ್ನು ಜಂಟಿ ಮಾಡಿಸಿ. "ಸ್ನಾನ ಮಾಡಿ" ಅಂದರೆ ಏಳಲ್ಲ. ಟವೆಲ್ ಕೈಗಿಟ್ಟು "ಬನ್ನಿ" ಅನ್ನಿ.

ಕೆಲಸದ ಬಗ್ಗೆ ತಡಮಾಡಬೇಡಿ. ಲೆಕ್ಕದಲ್ಲಿ ಎಡವಟ್ಟಾಗಿ ಶಿಸ್ತು ಕ್ರಮ ಶುರುವಾಗುವ ಮೊದಲೇ ರೋಗನಿರ್ಣಯ ಕಡತಕ್ಕೆ ಸೇರಲಿ, ರಾಜೀನಾಮೆ ಬರೆಯಲು ಬಿಡಬೇಡಿ. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದ ಸರ್ಕಾರಿ ನೌಕರರನ್ನು ತೆಗೆಯುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಸೆಕ್ಷನ್ 20(4) ಹೇಳುತ್ತೆ. ನಿರ್ಣಯ ಆದ ಕೂಡಲೇ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿ.